ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚಬಹುದು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಸಾರ್, ಮೋಲ್ಡ್ ಹಾಕಿ ಆಯ್ತು. ಸೆಂಟ್ರಿಂಗ್ ಎಷ್ಟ್ ದಿನಕ್ಕೆ ಬಿಚ್‌ಬೋದು?"

ಮೋಲ್ಡ್ ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವುದು, ಸೆಂಟ್ರಿಂಗ್ ಅಂದರೆ ಅದು ಗಟ್ಟಿಯಾಗುವವರೆಗೆ ಕೊಡುವ ತಾತ್ಕಾಲಿಕ ಆಸರೆ. 3, 7, 14, 21 ದಿನ. ನಾಲ್ಕೂ ಸರಿಯಾದ ಉತ್ತರವೇ. ನಿಮ್ಮ ಮನೆಗೆ ಯಾವುದು ಅನ್ವಯಿಸುತ್ತದೆ ಎನ್ನುವುದಕ್ಕೆ ಬೇಕಾದ ಒಂದು ವಿಷಯವನ್ನೂ ನೀವು ಕೇಳುವಾಗ ಹೇಳುವುದಿಲ್ಲ. ಕೋಣೆ ಎಷ್ಟಗಲ, ಸಿಮೆಂಟ್ ಯಾವುದು, ನೀರು ಸರಿಯಾಗಿ ಕಟ್ಟಿದ್ದೀರಾ, ಮೇಲೆ ಇನ್ನೊಂದು ಮಹಡಿ ಏಳುತ್ತದಾ ಎಂದು ನಾನು ವಾಪಸ್ ಕೇಳಿದರೆ "ಅದೆಲ್ಲಾ ಬೇಡ ಸಾರ್, ಜನರಲ್ಲಾಗಿ ಹೇಳಿ" ಅಂತೀರಿ. ಜನರಲ್ ಸ್ಲ್ಯಾಬ್ ಎಂಬುದನ್ನು ಬೆಂಗಳೂರಿನಲ್ಲಿ ಯಾರೂ ಕಟ್ಟಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ "ಆಷಾಢ ಬರೋದ್ರೊಳಗೆ ಗೃಹಪ್ರವೇಶ ಆಗ್ಬೇಕು, ಅದಕ್ಕೆ ತಕ್ಕ ಹಾಗೆ ಹೇಳಿ" ಅಂತಾರೆ. ಅದನ್ನು ಪುರೋಹಿತರ ಹತ್ತಿರ ಕೇಳಿ. ನನ್ನ ಹತ್ತಿರ ಇರುವುದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456, 2000ನೇ ಇಸವಿಯ ಆವೃತ್ತಿ.

ಇನ್ನೊಂದು ಜಾತಿಯ ಪ್ರಶ್ನೆ ಇದೆ: "ಮೇಸ್ತ್ರಿ 10 ದಿನ ಅಂತಾನೆ, ಭಾವ 21 ಅಂತಾರೆ, ನೀವೇನಂತೀರಿ?" ಇದು ಪ್ರಶ್ನೆ ಅಲ್ಲ, ಪಂಚಾಯ್ತಿ. ಇಬ್ಬರ ಮಧ್ಯೆ ನಾನು 15 ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ. ಸ್ಲ್ಯಾಬಿಗೆ ಆಗುತ್ತದೋ ಇಲ್ಲವೋ ಎನ್ನುವುದು ಬೇರೆ ಮಾತು.

ಮೊದಲ ತೊಂದರೆ ಏನೆಂದರೆ, ನೀವು ಸೆಂಟ್ರಿಂಗ್ ಅನ್ನುವ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸಾಮಾನು ಇವೆ. ಪಕ್ಕಕ್ಕೆ ಕಟ್ಟಿದ ಹಲಗೆ ಒಂದು. ಕಾಂಕ್ರೀಟಿನ ತಳಕ್ಕೆ ಕೊಟ್ಟ ಶೀಟು ಇನ್ನೊಂದು. ಶೀಟನ್ನೂ ಕಾಂಕ್ರೀಟನ್ನೂ ಹೊತ್ತು ನಿಂತ ಪ್ರಾಪು ಮೂರನೆಯದು. ಮೂರಕ್ಕೂ ಬೇರೆ ಬೇರೆ ದಿನ. ಕಾಲಮ್ಮಿನ ಸುತ್ತ, ಬೀಮಿನ ಪಕ್ಕದಲ್ಲಿ ಇರುವ ಹಲಗೆಯನ್ನು 16ರಿಂದ 24 ಗಂಟೆಯಲ್ಲಿ ತೆಗೆಯಬಹುದು, ಅದು ಭಾರ ಹೊರುತ್ತಿಲ್ಲ, ಆಕಾರ ಹಿಡಿದಿದೆ ಅಷ್ಟೆ. ಸ್ಲ್ಯಾಬಿನ ತಳದ ಶೀಟು 3 ದಿನಕ್ಕೆ, ಬೀಮಿನ ತಳದ್ದು 7 ದಿನಕ್ಕೆ, ಆದರೆ ಪ್ರಾಪನ್ನು ಆ ಕ್ಷಣವೇ ಮತ್ತೆ ಕೊಡಬೇಕು. ಪ್ರಾಪು ಪೂರ್ತಿ ತೆಗೆಯಲು ಸ್ಲ್ಯಾಬಿನ ಸ್ಪ್ಯಾನ್ 4.5 ಮೀಟರಿನವರೆಗೆ 7 ದಿನ, ಅದಕ್ಕಿಂತ ಹೆಚ್ಚಾದರೆ 14. ಬೀಮಿಗೆ 6 ಮೀಟರಿನವರೆಗೆ 14 ದಿನ, ಮೇಲಾದರೆ 21.

ಎಲ್ಲರ ಬಾಯಲ್ಲೂ ಇರುವ 21 ಅಲ್ಲಿಂದ ಬಂದದ್ದು. ಅದು 20 ಅಡಿ ದಾಟಿದ ಬೀಮಿನ ಲೆಕ್ಕ. 10 ಅಡಿ ಮಲಗುವ ಕೋಣೆಗೂ ಅದನ್ನೇ ಹಾಕಿ ಎರಡು ವಾರ ಜಾಸ್ತಿ ಬಾಡಿಗೆ ಕೊಡುವವರಿದ್ದಾರೆ. ಹಾಗೆಯೇ "21 ಆಯ್ತಲ್ಲ" ಎಂದು, ಮಾರನೆಯ ದಿನ ಮೇಲಿನ ಮೋಲ್ಡ್ ಹಾಕಬೇಕಾದ ಸ್ಲ್ಯಾಬಿನ ಕೆಳಗೆ ಒಂದೂ ಬಿಡದೆ ಎಳೆದುಹಾಕುವವರೂ ಇದ್ದಾರೆ. ಎರಡನೆಯವರು ಅಪಾಯದಲ್ಲಿದ್ದಾರೆ, ಯಾಕೆಂದು ಮುಂದೆ ಹೇಳುತ್ತೇನೆ.

ಸ್ಪ್ಯಾನ್ ಎಂದರೆ ಯಾವ ಅಳತೆ? ನಾಲ್ಕೂ ಕಡೆ ಬೀಮೋ ಗೋಡೆಯೋ ಇರುವ ಕೋಣೆಯಲ್ಲಿ ಚಿಕ್ಕ ಅಗಲ. 12 ಅಡಿಗೆ 14 ಅಡಿ ಕೋಣೆ ಎಂದರೆ 12 ಅಡಿ, ಅಂದರೆ 3.66 ಮೀಟರ್. 7 ದಿನದ ಗುಂಪು. ಹಾಲು, ಡೈನಿಂಗು ಒಟ್ಟಿಗೇ ಮಾಡಿ ಮಧ್ಯೆ ಬೀಮು ಬೇಡ ಎಂದು ಹಟ ಹಿಡಿದು 18 ಅಡಿ ಬಿಡಿಸಿಕೊಂಡಿದ್ದೀರಲ್ಲ, ಅದು 5.5 ಮೀಟರ್, 14 ದಿನದ ಗುಂಪು. ಕಾರು ನಿಲ್ಲಿಸಲು ಕಾಲಮ್ಮು ತೆಗೆಸಿದ ಕಡೆಯ ಬೀಮು 6 ಮೀಟರ್ ದಾಟಿದ್ದರೆ 21.

ಇಷ್ಟೂ ದಿನಗಳಿಗೆ ಒಂದು ಷರತ್ತು ಇದೆ, ಅದನ್ನು ಯಾರೂ ಓದುವುದಿಲ್ಲ. ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆಗಿರಬೇಕು, ಸುತ್ತಲಿನ ತಾಪಮಾನ 15 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಕ್ಯೂರಿಂಗ್, ಅಂದರೆ ನೀರು ಕಟ್ಟಿ ಕಾಂಕ್ರೀಟನ್ನು ಒದ್ದೆಯಾಗಿ ಇಡುವುದು, ಸರಿಯಾಗಿ ಆಗಿರಬೇಕು. ಈಗ ಹೊರಗೆ ಹೋಗಿ ಖಾಲಿ ಚೀಲ ನೋಡಿ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್) ಎಂದು ಬರೆದಿರುವ ಸಾಧ್ಯತೆಯೇ ಹೆಚ್ಚು. ಅದರಲ್ಲಿ ಹಾರುಬೂದಿ ಇರುತ್ತದೆ. ಸಿಮೆಂಟ್ ಕೆಟ್ಟದ್ದಲ್ಲ, ಕೊನೆಗೆ ಬರುವ ಗಟ್ಟಿತನಕ್ಕೆ ಏನೂ ಕಡಿಮೆಯಿಲ್ಲ, ಮೊದಲ ಎರಡು ವಾರ ನಿಧಾನ. ಆದ್ದರಿಂದ ಪಿಪಿಸಿ ಹಾಕಿದ ಮನೆಗೆ ನಾನು 7 ಇದ್ದ ಕಡೆ 10, 14 ಇದ್ದ ಕಡೆ 18ರಿಂದ 20 ಹೇಳುತ್ತೇನೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೂ ಒಂದೆರಡು ದಿನ. ಬೆಂಗಳೂರಿಗೆ ಎಲ್ಲಿಯ ಚಳಿ ಎನ್ನಬೇಡಿ, 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಗೆ ಇಳಿದ ದಾಖಲೆ ಇದೆ. ಅಷ್ಟು ಈಗ ಆಗುವುದಿಲ್ಲ, ಆದರೆ ಬೆಳಗಿನ ಜಾವ 15ರ ಕೆಳಗೆ ಹೋಗುವ ದಿನಗಳು ಇವತ್ತಿಗೂ ಇವೆ.

ಕ್ಯೂರಿಂಗ್ ಎಂದರೆ ಬೆಳಿಗ್ಗೆ ಒಂದು ಸಲ ಪೈಪು ಹಿಡಿಯುವುದಲ್ಲ. ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ ಕನಿಷ್ಠ 10, ಸಾಧ್ಯವಾದರೆ 14. ಶನಿವಾರ ಭಾನುವಾರ ಕಾವಲುಗಾರ ಊರಿಗೆ ಹೋಗಿ ಸ್ಲ್ಯಾಬು ಒಣಗಿದ್ದರೆ ಆ ಎರಡು ದಿನ ಲೆಕ್ಕಕ್ಕಿಲ್ಲ.

"ಆರ್‌ಎಂಸಿ ಅವರು 7 ದಿನದ ಕ್ಯೂಬ್ ರಿಪೋರ್ಟ್ ಕೊಟ್ಟಿದಾರೆ ಸಾರ್, ಪಾಸ್ ಆಗಿದೆ." ಆರ್‌ಎಂಸಿ ಅಂದರೆ ರೆಡಿಮಿಕ್ಸ್ ಕಾಂಕ್ರೀಟ್ ಕಳಿಸುವವರು, ಕ್ಯೂಬ್ ಅಂದರೆ ಗಟ್ಟಿತನ ನೋಡಲು ಒಡೆಸುವ ಕಾಂಕ್ರೀಟಿನ ಘನ. ಆ ರಿಪೋರ್ಟಿನದು 27 ಡಿಗ್ರಿಯ ತೊಟ್ಟಿಯ ನೀರಿನಲ್ಲಿ ಮುಳುಗಿ ಬೆಳೆದ ಕ್ಯೂಬು. ನಿಮ್ಮ ಸ್ಲ್ಯಾಬಿಗೆ ಆ ಭಾಗ್ಯ ಇಲ್ಲ. ಮೋಲ್ಡಿನ ದಿನ ಮೂರು ಕ್ಯೂಬು ಹೆಚ್ಚಿಗೆ ತುಂಬಿಸಿ, ಸ್ಲ್ಯಾಬಿನ ಮೇಲೆಯೇ ಇಟ್ಟು, ಸ್ಲ್ಯಾಬಿಗೆ ಹಾಕಿದಷ್ಟೇ ನೀರು ಹಾಕಿ, ಬಿಚ್ಚುವ ಹಿಂದಿನ ದಿನ ಒಡೆಸಿ ನೋಡಿ. ಆ ಸಂಖ್ಯೆ ನಂಬಬಹುದು. ತೆಗೆಯುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಬೀಳುವ ಒತ್ತಡದ ಎರಡರಷ್ಟಾದರೂ ಗಟ್ಟಿತನ ಬಂದಿರಬೇಕು ಎನ್ನುವುದೇ ಮೂಲ ನಿಯಮ. ದಿನಗಳ ಪಟ್ಟಿ ಇರುವುದು ಕ್ಯೂಬು ಒಡೆಸದವರಿಗಾಗಿ.

ಸೆಂಟ್ರಿಂಗ್, ಪ್ರಾಪು ಎಂಬ ಹೆಸರುಗಳ ವಿಷಯ ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೂ ಫೋನ್ ಮಾಡಬೇಡಿ. ಇಂಗ್ಲಿಷಿನಲ್ಲಿ ಸೆಂಟ್ರಿಂಗ್ ಎಂದರೆ ಮೊದಲಿಗೆ ಕಮಾನು ಕಟ್ಟುವಾಗ ಅಡಿಗೆ ಕೊಡುವ ಮರದ ಚೌಕಟ್ಟು. ನಮ್ಮ ಗಾರೆಯವರು ಚಪ್ಪಟೆ ಸ್ಲ್ಯಾಬಿಗೂ ಅದನ್ನೇ ಉಳಿಸಿಕೊಂಡರು. ಪ್ರಾಪು ಡಚ್ಚರ ಕಡೆಯಿಂದ ಬಂದದ್ದಿರಬೇಕು, ಅಲ್ಲಿ ಪ್ರಾಪ್ಪೆ ಎಂದರೆ ದ್ರಾಕ್ಷಿ ಬಳ್ಳಿಗೆ ಊರುವ ಕೋಲು. ನಾಟಕದವರು ಪ್ರಾಪ್ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಪ್ರಾಪರ್ಟಿಯ ಮೊಟಕು. ವಿಮಾನದ ಪ್ರಾಪು ಪ್ರೊಪೆಲ್ಲರಿನದು. ತಿರುಗಿಸಿ ಎತ್ತರ ಹೊಂದಿಸುವ ಕಬ್ಬಿಣದ ಪ್ರಾಪಿಗೆ ಜಾಕಿ ಎನ್ನುವುದು ಜ್ಯಾಕ್ ಎಂಬ ಆಳಿನ ಹೆಸರು, ಆಳು ಮಾಡುವ ಕೆಲಸವನ್ನು ಉಪಕರಣ ಮಾಡಿದಾಗ ಹೆಸರೂ ಅದಕ್ಕೇ ಅಂಟಿತು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಮದ್ರಾಸ್ ತಾರಸಿಗೆ ಇವು ಯಾವುವೂ ಬೇಕಿರಲಿಲ್ಲ. ತೊಲೆಗಳ ಮೇಲೆ ಇಟ್ಟಿಗೆಯನ್ನು ಅಡ್ಡ ಮೂಲೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಚ್ಚಿಸುತ್ತಾ ಹೋದರೆ ಆಯಿತು. ಹಾಗಾಗಿ "ನಮ್ ತಾತ ಸೆಂಟ್ರಿಂಗ್ ಇಲ್ದೇನೇ ಮನೆ ಕಟ್ಟಿದ್ರು" ಎನ್ನುವುದು ನಿಜ ಇರಬಹುದು. ತಾತ ಸ್ಲ್ಯಾಬು ಹಾಕಿರಲಿಲ್ಲ.

ಎಷ್ಟು ದಿನ, ಎಷ್ಟು ದಿನ ಎಂದು ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಪ್ರಾಪು ಯಾವುದರ ಮೇಲೆ ನಿಂತಿದೆ? ಅದನ್ನು ಮೋಲ್ಡಿನ ಹಿಂದಿನ ದಿನ ಕೇಳಬೇಕು. ಮನೆ ಅಳತೆಯ ಕೆಲಸದಲ್ಲಿ ಸೆಂಟ್ರಿಂಗ್ ಬೀಳುವುದು ಹೆಚ್ಚಾಗಿ ಬಿಚ್ಚುವಾಗಲ್ಲ, ಕಾಂಕ್ರೀಟ್ ಸುರಿಯುವಾಗ ಅಥವಾ ಆ ರಾತ್ರಿ.

ಲೆಕ್ಕ ನೋಡಿ. 5 ಇಂಚಿನ ಸ್ಲ್ಯಾಬು ಒಂದು ಚದರ ಮೀಟರಿಗೆ ಸುಮಾರು 310 ಕೆಜಿ. ಮೇಲೆ ಓಡಾಡುವ ಜನ, ಬಾಂಡ್ಲಿ, ವೈಬ್ರೇಟರ್, ಒಂದೇ ಕಡೆ ಗುಡ್ಡೆ ಸುರಿದ ಕಾಂಕ್ರೀಟ್ ಇವಕ್ಕೆ ನಾನು 150 ಹಿಡಿಯುತ್ತೇನೆ. ಶೀಟು, ಅದರಡಿಯ ಅಡ್ಡ ಮರ (ರನ್ನರ್) ಸೇರಿಸಿದರೆ 500 ಆಯಿತು. 30‑40 ಸೈಟಿನಲ್ಲಿ 900 ಚದರಡಿ ಮೋಲ್ಡ್ ಎಂದರೆ ಬರೀ ಕಾಂಕ್ರೀಟೇ 26 ಟನ್. ಎರಡೂವರೆ ಅಡಿಗೊಂದು ಪ್ರಾಪು ಕೊಟ್ಟರೆ ಒಂದೊಂದರ ಮೇಲೆ ಸುಮಾರು 280 ಕೆಜಿ. "ಜಾಕಿ ಸಾಲ್ದು" ಎಂದು ನಾಲ್ಕು ಅಡಿಗೊಂದು ಮಾಡಿದರೆ 720. ದೂರ 1.6 ಪಟ್ಟಾದರೆ ಭಾರ ಎರಡೂವರೆ ಪಟ್ಟು. ಬೀಮಿನ ಕೆಳಗೆ ಇನ್ನೂ ಜಾಸ್ತಿ.

ಈಗ ತಳ. ಮೂರಿಂಚು ದಪ್ಪದ ಸರ್ವೆ ಕಂಬವನ್ನು ನೇರ ಮಣ್ಣಿನ ಮೇಲೆ ನಿಲ್ಲಿಸಿದರೆ ಆ 280 ಕೆಜಿ ಬೀಳುವುದು 45 ಚದರ ಸೆಂಟಿಮೀಟರ್ ಮೇಲೆ. ಚದರ ಮೀಟರಿಗೆ ಲೆಕ್ಕ ಹಾಕಿದರೆ 60 ಟನ್ ದಾಟುತ್ತದೆ. ಪಾಯದೊಳಗೆ ನೀವು ತುಂಬಿಸಿರುವುದು ಲಾರಿಯಿಂದ ಸುರಿದ ಮಣ್ಣು. ನೀರು ಹಾಕಿ ಧಮ್ಮಸ್ಸು ಮಾಡಿಸಿಲ್ಲದಿದ್ದರೆ ಅದು 10 ಟನ್ನನ್ನೂ ಹೊರುವುದಿಲ್ಲ. ಕಬ್ಬಿಣದ ಜಾಕಿಯ ತಳದ ಪ್ಲೇಟು ಆರಿಂಚಿಗೆ ಆರಿಂಚು ಇರುವುದರಿಂದ ಅದೇ ಭಾರ 12 ಟನ್ನಿಗೆ ಇಳಿಯುತ್ತದೆ. ಅದೂ ಸಾಲದು. ಒಂಬತ್ತಿಂಚು ಅಗಲದ ದಪ್ಪ ಹಲಗೆ ಹಾಸಿ, ಎರಡಡಿ ಉದ್ದಕ್ಕೆ ಭಾರ ಹರಡಿದರೆ 2 ಟನ್ನು ಚಿಲ್ಲರೆ. ಒಂದು ಹಲಗೆಯಿಂದ ಇಷ್ಟು ವ್ಯತ್ಯಾಸ. ಎಲ್ಲಕ್ಕಿಂತ ಒಳ್ಳೆಯದು, ಗೋಡೆ ಏಳುವ ಮೊದಲೇ ಒಳಗೆ ಪಿಸಿಸಿ, ಅಂದರೆ ಕಂಬಿ ಇಲ್ಲದ ಸಾದಾ ಕಾಂಕ್ರೀಟ್, ಹಾಕಿಬಿಡುವುದು. ಹೇಗೂ ಹಾಕಲೇಬೇಕು. ಮೊದಲು ಹಾಕಿದರೆ ಪ್ರಾಪಿಗೂ ಆಯಿತು, ನೆಲಕ್ಕೂ ಆಯಿತು.

ಹಲಗೆ ಇಲ್ಲದೆ ನಿಲ್ಲಿಸಿದ್ದು ಮೋಲ್ಡಿನ ದಿನ ಬೀಳದೇ ಇರಬಹುದು. ಸೆಪ್ಟೆಂಬರ್, ಅಕ್ಟೋಬರಿನ ಮಳೆ ರಾತ್ರಿ ಹೊಡೆಯುತ್ತದೆ, ಮಣ್ಣು ಮೆತ್ತಗಾಗುತ್ತದೆ, ಒಂದು ಸಾಲು ಅರ್ಧ ಇಂಚು ಕೂರುತ್ತದೆ. ಮಳೆ ಇಲ್ಲದಿದ್ದರೂ ನಿಮ್ಮದೇ ಕ್ಯೂರಿಂಗ್ ನೀರು ಅಂಚಿನಿಂದ ಸೋರಿ ಅದೇ ಮಣ್ಣಿಗೆ ಇಳಿಯುತ್ತದೆ. ಇನ್ನೂ ಬಿಗಿಯದ ಕಾಂಕ್ರೀಟು ಆ ಅರ್ಧ ಇಂಚನ್ನು ಹಿಂಬಾಲಿಸಿ ಹಾಗೇ ಗಟ್ಟಿಯಾಗುತ್ತದೆ. ಆಮೇಲೆ ಪ್ಲಾಸ್ಟರಿನವನು ಬಂದು "ಸ್ಲ್ಯಾಬು ಹೊಟ್ಟೆ ಬಿಟ್ಟಿದೆ" ಅಂತಾನೆ, ನೀವು "ಬೇಗ ಬಿಚ್ಬಿಟ್ರು" ಅಂತೀರಿ. ದಿನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಕಂಬ ಗಿಡ್ಡವಾದರೆ ಕೆಳಗೆ ಇಟ್ಟಿಗೆ ಪೇರಿಸುವ ಅಭ್ಯಾಸ ಇದೆಯಲ್ಲ, ಅದನ್ನು ಕಂಡರೆ ಕೆಲಸ ನಿಲ್ಲಿಸಿ. ಹಾಲೋ ಬ್ಲಾಕಾದರಂತೂ ಮಾತೇ ಇಲ್ಲ, ಮಧ್ಯದ ಟೊಳ್ಳಿನ ಮೇಲೆ ಕಂಬ ಕೂತರೆ ಸದ್ದಿಲ್ಲದೆ ಸೀಳುತ್ತದೆ. ಎತ್ತರ ಸರಿಪಡಿಸಲು ಮರದ ಬೆಣೆ, ಅದೂ ಜೋಡಿಯಾಗಿ ಎದುರು ಬದುರು ಹೊಡೆದು, ಮೊಳೆ ಬಡಿದಿರಬೇಕು. ವೈಬ್ರೇಟರ್ ಓಡುವಾಗ ಒಂಟಿ ಬೆಣೆ ತಾನೇ ಜಾರಿ ಹೊರಬರುತ್ತದೆ.

ಪ್ರಾಪು ಸೊಟ್ಟ ಇರಬಾರದು, ಒಂದು ಮೀಟರ್ ಎತ್ತರಕ್ಕೆ 25 ಮಿಲಿಮೀಟರಿಗಿಂತ ಹೆಚ್ಚು ವಾಲಿದ್ದನ್ನು ತೆಗೆದು ಮತ್ತೆ ನಿಲ್ಲಿಸಬೇಕು. ಉದ್ದವಾದಷ್ಟೂ ಬಾಗುವ ಚಾಳಿ ಹೆಚ್ಚು, ಅದೂ ಉದ್ದದ ವರ್ಗಕ್ಕೆ ತಕ್ಕಂತೆ. 3 ಮೀಟರ್ ಕಂಬ ಬಾಗದೆ ಹೊರುವ ಭಾರದಲ್ಲಿ ಅದೇ ದಪ್ಪದ 4 ಮೀಟರ್ ಕಂಬ ಹೊರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 6 ಮೀಟರಿನದು ಕಾಲು ಭಾಗ. ಎರಡಂತಸ್ತು ಎತ್ತರದ ಪೋರ್ಟಿಕೋ ಬೇಕೆಂದವರು ಇದನ್ನು ಎರಡು ಸಲ ಓದಿ. ಮಧ್ಯದಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿ ಕಟ್ಟಿ, ಆ ಪಟ್ಟಿಯನ್ನು ಕಾಲಮ್ಮಿಗೋ ಗೋಡೆಗೋ ಬಿಗಿದರೆ ಕಂಬದ ಉದ್ದ ಅರ್ಧವಾದಂತೆ, ತಾಕತ್ತು ನಾಲ್ಕು ಪಟ್ಟು. ಪ್ರಾಪಿಗೆ ಪ್ರಾಪು ಕಟ್ಟಿ ಬಿಟ್ಟರೆ ಸಾಲದು, ಎಲ್ಲ ಒಟ್ಟಿಗೇ ಒಂದೇ ಕಡೆ ವಾಲುತ್ತವೆ. ಜಾಕಿಯ ಪಿನ್ನನ್ನೂ ನೋಡಿ. ಅದರ ಜೊತೆ ಬಂದ ಪಿನ್ನು 12 ಮಿಲಿಮೀಟರೋ ಇನ್ನೂ ದಪ್ಪವೋ ಇರುತ್ತದೆ. ಅದು ಕಳೆದುಹೋಗಿ 8 ಎಂಎಂ ಕಂಬಿಯ ತುಂಡು ತೂರಿಸಿದ್ದರೆ ಅಡ್ಡಕೊಯ್ತ ಅರ್ಧಕ್ಕಿಂತ ಕಡಿಮೆ ಆಯಿತು. 720 ಕೆಜಿ ಆ ತುಂಡಿನ ಮೇಲೆ ಕೂತಿದೆ.

ಮೇಲೆ ಮಹಡಿ ಏಳುವವರ ವಿಷಯಕ್ಕೆ ಬರುತ್ತೇನೆ. ಕೆಳಗಿನ ಸ್ಲ್ಯಾಬು ಮುಗಿದು ಮೂರು ವಾರಕ್ಕೆ ಮೇಲಿನದಕ್ಕೆ ಸೆಂಟ್ರಿಂಗ್ ಕಟ್ಟುತ್ತೀರಿ. ಆ ಪ್ರಾಪುಗಳು ನಿಲ್ಲುವುದು ಕೆಳಗಿನ ಸ್ಲ್ಯಾಬಿನ ಮೇಲೆ. ಮೇಲಿನಿಂದ ಬರುವುದು ಚದರ ಮೀಟರಿಗೆ ಅದೇ 500 ಕೆಜಿ. ಕೆಳಗಿನದನ್ನು ವಿನ್ಯಾಸ ಮಾಡಿರುವುದು ಎಷ್ಟಕ್ಕೆ? ವಾಸದ ಮನೆಗೆ ಓಡಾಟದ ಭಾರ 200, ನೆಲಹಾಸಿಗೆ 100, ಹೆಚ್ಚುಕಡಿಮೆ 300. ಅಂದರೆ ಸ್ಲ್ಯಾಬು ತನ್ನ ಇಡೀ ಆಯಸ್ಸಿನಲ್ಲಿ ಕಾಣುವ ದೊಡ್ಡ ಭಾರ ಬೀಳುವುದು ಅದು ಪೂರ್ತಿ ಗಟ್ಟಿಯಾಗುವ ಮೊದಲೇ. ಬೀಳುವುದಿಲ್ಲ ಯಾಕೆಂದರೆ ವಿನ್ಯಾಸದಲ್ಲಿ ಒಂದೂವರೆ ಪಟ್ಟು ಸುರಕ್ಷತೆ ಇಟ್ಟಿರುತ್ತಾರೆ, ನೀವು ತಿನ್ನುತ್ತಿರುವುದು ಅದನ್ನೇ. ಬಿರುಕು, ಬಾಗು ಮಾತ್ರ ಉಳಿದುಬಿಡುತ್ತವೆ.

ಹಾಗಾಗಿ ಮೇಲಿನ ಮೋಲ್ಡಿನ ದಿನ ಕೆಳಗಿನ ಮನೆಯಲ್ಲಿ ಪ್ರಾಪು ಇರಲೇಬೇಕು. ಎಲ್ಲವೂ ಬೇಡ. ಸಾಮಾನ್ಯ ಕೋಣೆಗೆ ನಾಲ್ಕು ಅಡಿಗೊಂದರಂತೆ ಸಾಕು, ಮೇಲಿನ ಪ್ರಾಪಿನ ನೇರಕ್ಕೇ ಕೆಳಗಿನದು ಇರಬೇಕು. ಶೀಟು ಬಿಚ್ಚಿ ಪ್ರಾಪು ಮತ್ತೆ ಕೊಡುವಾಗ ಕೈಯಲ್ಲಿ ತಿರುಗಿಸಿ ಬಿಗಿಯಾದರೆ ನಿಲ್ಲಿಸಿ. ಸಲಾಕೆ ಹಾಕಿ ತಿರುಗಿಸಿ ಸ್ಲ್ಯಾಬನ್ನು ಮೇಲಕ್ಕೆ ಎತ್ತಿದರೆ ಮಧ್ಯದಲ್ಲಿ ಮೇಲ್ಮೈ ಸೀಳುತ್ತದೆ, ಅಲ್ಲಿ ಮೇಲುಗಡೆ ಕಂಬಿ ಇರುವುದಿಲ್ಲ. ತೆಗೆದು ಮತ್ತೆ ಕೊಡುವ ಈ ಪದ್ಧತಿಯೇ ನನಗೆ ಇಷ್ಟವಿಲ್ಲ. ತೆಗೆದ ಆ ಹತ್ತು ನಿಮಿಷ ಹಸಿ ಸ್ಲ್ಯಾಬು ಒಂಟಿಯಾಗಿ ನಿಲ್ಲುತ್ತದೆ, ಊಟದ ಸಮಯ ಬಂದರೆ ಒಂದು ಗಂಟೆ. ಅದರ ಬದಲು ಸೆಂಟ್ರಿಂಗ್ ಕಟ್ಟುವಾಗಲೇ ಕೋಣೆಯ ಮಧ್ಯದಲ್ಲಿ ಒಂದು ಪಟ್ಟಿಯ ಶೀಟಿಗೆ ಪ್ರತ್ಯೇಕ ಪ್ರಾಪು ಕೊಟ್ಟಿಡಿ. ಎರಡೂ ಬದಿಯ ಶೀಟು ಹೋದರೂ ಆ ಪಟ್ಟಿ ಅಲುಗುವುದಿಲ್ಲ. ಕಂಟ್ರಾಕ್ಟರಿಗೆ ಶೀಟು ವಾಪಸ್ ಸಿಕ್ಕಿತು, ಅವನ ಅವಸರ ಇರುವುದು ಶೀಟಿಗೇ, ಮುಂದಿನ ಸೈಟು ಕಾಯುತ್ತಿರುತ್ತದೆ. ಅದಕ್ಕೆ ಅವನನ್ನು ಕಳ್ಳ ಎನ್ನಬೇಕಾಗಿಲ್ಲ. ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತದೆ, ಎಷ್ಟು ದಿನ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕಾದವರು ನೀವು.

ಬಿಚ್ಚುವ ಕ್ರಮಕ್ಕೂ ಒಂದು ರೀತಿ ಇದೆ. ಕೋಣೆಯ ಸ್ಲ್ಯಾಬಿಗೆ ಮಧ್ಯದಿಂದ ಶುರು ಮಾಡಿ ಗೋಡೆಯ ಕಡೆಗೆ. ಮೊದಲು ಮಧ್ಯದ ಸಾಲನ್ನು ಒಂದೆರಡು ಸುತ್ತು ಸಡಿಲಿಸಿ, ಸುಮ್ಮನೆ ನಿಂತು ನೋಡಿ, ಆಮೇಲೆ ಪಕ್ಕದ ಸಾಲು. ಬಾಲ್ಕನಿ, ಚಜ್ಜಗಳಿಗೆ (ಕಿಟಕಿಯ ಮೇಲೆ ಹೊರಚಾಚಿದ ಸ್ಲ್ಯಾಬು) ಬೇರೆ ಕ್ರಮ: ಹೊರಗಿನ ತುದಿಯಿಂದ ಶುರುಮಾಡಿ ಗೋಡೆಯ ಕಡೆಗೆ. ಗೋಡೆ ಬದಿಯದನ್ನು ಮೊದಲು ತೆಗೆದು ತುದಿಯಲ್ಲಿ ಬಿಟ್ಟರೆ, ತುದಿ ಪ್ರಾಪಿನ ಮೇಲೆ ಕೂತು ಚಜ್ಜ ಮಧ್ಯಕ್ಕೆ ಬಾಗುತ್ತದೆ. ಆ ಬಾಗಿಗೆ ತಳದಲ್ಲಿ ಕಂಬಿ ಬೇಕು, ಚಜ್ಜದ ಮುಖ್ಯ ಕಂಬಿ ಇರುವುದು ಮೇಲೆ.

ಅದು ಮೇಲೆಯೇ ಉಳಿದಿದೆಯಾ ಎನ್ನುವುದು ಬೇರೆ ಪ್ರಶ್ನೆ. ಮೋಲ್ಡಿನ ದಿನ ಹತ್ತು ಜನ ಅದರ ಮೇಲೆ ನಡೆದಿರುತ್ತಾರೆ. ನಾಲ್ಕಿಂಚಿನ ಚಜ್ಜದಲ್ಲಿ ಮೇಲಿನಿಂದ 25 ಮಿಲಿಮೀಟರ್ ಕೆಳಗೆ ಇರಬೇಕಾದ ಕಂಬಿ 65ಕ್ಕೆ ತುಳಿಸಿಕೊಂಡರೆ ತಾಕತ್ತು ಅರ್ಧಕ್ಕಿಂತ ಕಡಿಮೆ. ಅದನ್ನು 21 ದಿನ ಅಲ್ಲ, ವರ್ಷ ಬಿಟ್ಟು ಬಿಚ್ಚಿದರೂ ಬೀಳುವುದು ಬೀಳುತ್ತದೆ. ಕಂಬಿಯ ಕೆಳಗೆ ಅದನ್ನು ಎತ್ತರದಲ್ಲಿ ಹಿಡಿದಿಡುವ ಕಬ್ಬಿಣದ ಚೇರ್ ಕೊಡಿಸಿ, ನಡೆಯಲು ಹಲಗೆ ಹಾಕಿಸಿ. ಲಿಂಟಲಿನಿಂದ (ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆ) ಹೊರಬಂದ ಚಜ್ಜವಾದರೆ ಅದರ ಮೇಲಿನ ಗೋಡೆ ಏಳುವವರೆಗೆ ಪ್ರಾಪು ಮುಟ್ಟಬೇಡಿ. ಹಿಂಬದಿಯಲ್ಲಿ ತೂಕ ಇಲ್ಲದಿದ್ದರೆ ಕಾಂಕ್ರೀಟು ಎಷ್ಟೇ ಗಟ್ಟಿ ಇದ್ದರೂ ಲಿಂಟಲನ್ನೂ ಎಳೆದುಕೊಂಡು ಮಗುಚುತ್ತದೆ. ಗೋಡೆ ಎದ್ದು, ಅದರ ಮೇಲೆ ಸ್ಲ್ಯಾಬಿನ ಭಾರವೂ ಕೂತ ಮೇಲೆ, ತುದಿಯಿಂದ ಒಂದೊಂದಾಗಿ ತೆಗೆಸಿ. ಆ ಹೊತ್ತಿನಲ್ಲಿ ಕೆಳಗೆ ಯಾರನ್ನೂ ನಿಲ್ಲಿಸಬೇಡಿ.